ತೋಟದ ತೇವ ನೋಡುವ ಮೈಕ್ರೋಕಂಟ್ರೋಲರ್: ಎರಡು ಸೆಲ್ಲಿನ ಲೆಕ್ಕ

ಅಡಿಕೆಗೆ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಕೊಡಬೇಕೆಂಬುದು ಬೆಳೆಗಾರರಲ್ಲಿ ಬಹುಮಂದಿಗೆ ಬಾಯಿಪಾಠವಾಗಿರುವ ಸಂಗತಿ. ನವೆಂಬರ್, ಡಿಸೆಂಬರ್ ತಿಂಗಳಲ್ಲಿ 7–8 ದಿನಕ್ಕೊಮ್ಮೆ, ಜನವರಿ, ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇ ವರೆಗೆ 3–5 ದಿನಕ್ಕೊಮ್ಮೆ, ಪ್ರತಿ ಸಲ ಮರವೊಂದಕ್ಕೆ ಸುಮಾರು 175 ಲೀಟರ್. ಹನಿ ನೀರಾವರಿಯಾದರೆ ದಿನಕ್ಕೆ 16ರಿಂದ 20 ಲೀಟರ್. ಈ ಲೆಕ್ಕ ಕೊಟ್ಟದ್ದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಲೆಕ್ಕ ತಪ್ಪೇನಲ್ಲ. ಆದರೆ ಅದು ಸರಾಸರಿ ಲೆಕ್ಕ. ಉಮ್ಮತ್ತೂರಿನ ಸುತ್ತಲಿನ ತೋಟಕ್ಕೆ ಕರಾವಳಿಯ ಮಳೆಯೂ ಇಲ್ಲ, ಅಲ್ಲಿನ ಜಂಬಿಟ್ಟಿಗೆ ಮಣ್ಣೂ ಇಲ್ಲ. ಚಾಮರಾಜನಗರ ಸೀಮೆಯಲ್ಲಿ ಕೆಂಪು ಮಣ್ಣು, ಎರೆ ಮಣ್ಣು ಎರಡೂ ಇವೆ. ಕೆಂಪು ಮಣ್ಣು ಬೇಗ ಬಸಿಯುತ್ತದೆ, ಎರೆ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ದಿನ ಒಂದೇ ಅಳತೆಯ ನೀರು ಕುಡಿದ ಎರಡು ತೋಟಗಳಲ್ಲಿ ಒಂದರ ಗರಿ ಬಾಡಿ, ಇನ್ನೊಂದರ ಬೇರು ಉಸಿರುಗಟ್ಟುವುದು ಇದರಿಂದಲೇ.

ಇದರ ಮೇಲೆ ಕೊಳವೆ ಬಾವಿಯ ಚಿಂತೆ. ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಎದ್ದು ಹೋಗುವುದು ಬೇಡವೆಂದು ಸ್ಟಾರ್ಟರಿಗೆ ಆಟೋ ಸ್ವಿಚ್ ಹಾಕಿರುತ್ತೇವೆ. ಕರೆಂಟು ಬಂದಾಗಲೆಲ್ಲ ಮೋಟಾರು ಓಡುತ್ತದೆ. ನಿನ್ನೆ ಮಳೆ ಬಂದದ್ದು ಅದಕ್ಕೆ ತಿಳಿಯದು, ಮಣ್ಣು ಇನ್ನೂ ಹಸಿಯಾಗಿರುವುದೂ ತಿಳಿಯದು. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಬಿಟ್ಟಿ, ನಿಜ. ಬಾವಿಯ ತಳದ ನೀರು ಬಿಟ್ಟಿಯಲ್ಲ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಅಡಿಕೆಗೆ 2.7 ಮೀಟರ್ ಅಂತರವಾದರೆ ಮರವೊಂದರ ಪಾಲಿಗೆ ಸುಮಾರು 7.3 ಚದರ ಮೀಟರ್ ನೆಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಹಾಗಾದರೆ 20 ಮಿ.ಮೀ. ಮಳೆ ಬಿದ್ದರೆ ಮರದ ಪಾಲಿಗೆ 146 ಲೀಟರ್ ಬಂತು, ಅಂದರೆ ಏಳು ದಿನದ ಹನಿ ನೀರು. ಅದರಲ್ಲಿ ಒಂದು ಪಾಲು ಹರಿದು ಹೋಗುತ್ತದೆ, ಒಂದು ಪಾಲು ಆವಿಯಾಗುತ್ತದೆ. ಬೇರಿಗೆ ಎಷ್ಟು ಇಳಿಯಿತೆಂದು ಹೇಳಬಲ್ಲದ್ದು ಬುಡದ ಮಣ್ಣೊಂದೇ. ಆ ಮಣ್ಣಿನ ಮಾತನ್ನು ಹಗಲೂ ರಾತ್ರಿ ಕೇಳಿ ಬರೆದಿಡುವ ಸಣ್ಣ ಸಾಧನವನ್ನು ಕುರಿತು ಈ ಪಾಠ. ಬೆಳೆಗಾರರ ಮನೆಯ ಮಕ್ಕಳಲ್ಲಿ ಡಿಪ್ಲೊಮಾ, ಐ.ಟಿ.ಐ. ಓದಿದವರು ಈಗ ಸಾಕಷ್ಟಿದ್ದಾರೆ. ಅವರು ಮನೆಯಲ್ಲೇ ಮಾಡಬಹುದಾದ ಕೆಲಸವಿದು. ದೊಡ್ಡವರು ಲೆಕ್ಕವನ್ನು ತಿಳಿದರೆ ಸಾಕು. ಅಂಗಡಿಯಲ್ಲಿ ಕೊಳ್ಳುವಾಗಲೂ ಅದೇ ಲೆಕ್ಕ ಕೈಹಿಡಿಯುತ್ತದೆ.

ಮೈಕ್ರೋಕಂಟ್ರೋಲರ್ ಎಂದರೇನು?

ಕಂಪ್ಯೂಟರಿನ ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ತಂತಿಗಳನ್ನು ಓದುವ ಭಾಗ, ಈ ಮೂರನ್ನೂ ಒಂದೇ ಚಿಪ್‌ನಲ್ಲಿ ಅಡಗಿಸಿದರೆ ಅದು ಮೈಕ್ರೋಕಂಟ್ರೋಲರ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1974ರಲ್ಲಿ ಇಂಥದ್ದನ್ನು ಮೊದಲು ಮಾರಾಟಕ್ಕೆ ತಂದಿತು. ಅದೇ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೇಂದ್ರವನ್ನು ತೆರೆಯಿತು. ಮಿಕ್ಸಿ, ವಾಷಿಂಗ್ ಮಷೀನು, ಟಿ.ವಿ. ರಿಮೋಟು, ಸ್ಕೂಟರಿನ ಮೀಟರು ಎಲ್ಲದರಲ್ಲೂ ಈಗ ಇದು ಕುಳಿತಿದೆ. ಇವೆಲ್ಲಕ್ಕಿಂತ ನಾವೆಲ್ಲ ಕೈಯಾರೆ ಒತ್ತಿರುವ ಉದಾಹರಣೆ ಮತಯಂತ್ರ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಗೆ ಬಂದ ಈ ಯಂತ್ರವನ್ನು ತಯಾರಿಸುವವು ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆಗಳು. ಬೆಟ್ಟದ ಮೇಲಿನ ಪೋಡಿನಲ್ಲಿ ಕರೆಂಟು ಇರಲಿ ಬಿಡಲಿ ಮತದಾನ ನಿಲ್ಲುವುದಿಲ್ಲ. ಯಂತ್ರ ಓಡುವುದು ತನ್ನದೇ ಬ್ಯಾಟರಿಯ ಮೇಲೆ. ಕಡಿಮೆ ಕರೆಂಟಿನಲ್ಲಿ ನಿಗದಿಯಾದ ಒಂದೇ ಕೆಲಸವನ್ನು ತಪ್ಪದೆ ಮಾಡುವುದು ಇಂಥ ಯಂತ್ರಗಳ ಗುಣ.

ನಮ್ಮ ಕಸುಬಿಗೆ ಇನ್ನೂ ಹತ್ತಿರದ ಉದಾಹರಣೆ ಮಳೆಮಾಪಕ. 1988ರಲ್ಲಿ ಬರ ಉಸ್ತುವಾರಿಗೆಂದು ಆರಂಭವಾಗಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಮಿಕ್ಕಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಪಂಚಾಯಿತಿ ಕಚೇರಿಯ ಬಳಿಯೋ ಶಾಲೆಯ ಬಯಲಿನಲ್ಲೋ ಬೇಲಿಯೊಳಗೆ ಕಂಬ, ಅದರ ಮೇಲೆ ಸಣ್ಣ ಸೋಲಾರ್ ಹಲಗೆ, ಡಬ್ಬಿ ಇರುವುದನ್ನು ಹಲವರು ನೋಡಿರಬಹುದು. ಹದಿನೈದು ನಿಮಿಷದ ಮಳೆಯ ಲೆಕ್ಕ ಅಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ಅದಕ್ಕೆ ಸೋಲಾರ್ ಏಕೆ ಬೇಕಾಯಿತು, ನಮ್ಮ ತೋಟದ ಡಬ್ಬಿಗೆ ಎರಡು ಪೆನ್ ಸೆಲ್ ಹೇಗೆ ಸಾಕಾಗುತ್ತದೆ ಎಂಬುದೇ ಇಲ್ಲಿ ಮುಖ್ಯವಾಗಿ ತಿಳಿಯತಕ್ಕದ್ದು.

ನಿದ್ದೆಯೇ ಉಳಿತಾಯ

ಮಣ್ಣಿನ ತೇವ ಕ್ಷಣಕ್ಷಣಕ್ಕೆ ಬದಲಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ನೋಡಿದರೆ ಧಾರಾಳವಾಯಿತು. ನೋಡುವುದಕ್ಕೆ ಒಂದು ಸೆಕೆಂಡು ಸಾಕು. ಉಳಿದ 1,799 ಸೆಕೆಂಡು ಚಿಪ್ ಎಚ್ಚರವಾಗಿರಬೇಕಾದ ಅಗತ್ಯವೇ ಇಲ್ಲ. ಆದುದರಿಂದ ಕಡಿಮೆ ಕರೆಂಟಿನ ಚಿಪ್‌ಗಳಲ್ಲಿ ನಿದ್ದೆಯ ಏರ್ಪಾಡನ್ನು ಮಾಡಿರುತ್ತಾರೆ. ಲೆಕ್ಕದ ಭಾಗ ಪೂರ್ತಿ ನಿಂತು, ಒಂದು ಸಣ್ಣ ಗಡಿಯಾರ ಮಾತ್ರ ನಡೆಯುತ್ತಿರುತ್ತದೆ. ಕೈಗಡಿಯಾರದ ಕ್ವಾರ್ಟ್ಜ್ ಹರಳೇ ಇಲ್ಲಿಯೂ ಇರುವುದು. ಅದು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ಹೊತ್ತಾದಾಗ ಗಡಿಯಾರವು ಚಿಪ್ಪನ್ನು ಎಬ್ಬಿಸುತ್ತದೆ.

ಅಂಕಿಗಳನ್ನು ನೋಡಿ. ಕರೆಂಟಿನ ಅಳತೆ ಆಂಪಿಯರ್. ಅದರ ಸಾವಿರದಲ್ಲೊಂದು ಭಾಗ ಮಿಲಿ ಆಂಪಿಯರ್. ಮಿಲಿಯ ಸಾವಿರದಲ್ಲೊಂದು ಭಾಗ ಮೈಕ್ರೋ ಆಂಪಿಯರ್. ಎಂ.ಎಸ್.ಪಿ. 430 ಕುಟುಂಬದ ಜಿ 2553 ಎಂಬ ಚಿಪ್ ಎಚ್ಚರವಿರುವಾಗ, ಸೆಕೆಂಡಿಗೆ ಹತ್ತು ಲಕ್ಷ ಮಿಡಿತದಲ್ಲಿ, 230 ಮೈಕ್ರೋ ಆಂಪಿಯರ್ ತೆಗೆದುಕೊಳ್ಳುತ್ತದೆ. ಗಡಿಯಾರ ಮಾತ್ರ ನಡೆಯುವ ನಿದ್ದೆಯಲ್ಲಿ ಅರ್ಧ ಮೈಕ್ರೋ ಆಂಪಿಯರ್. ಹುಡುಗರಿಗೆ ಪರಿಚಿತವಾದ ಎ.ಟಿ. ಮೆಗಾ 328 ಪಿ ಚಿಪ್ ಗಡಿಯಾರ ಸಮೇತ ಮಲಗಿದರೆ ಮುಕ್ಕಾಲು ಮೈಕ್ರೋ ಆಂಪಿಯರ್. ಎರಡೂ 1.8 ವೋಲ್ಟಿನವರೆಗೆ ನಡೆಯುವ ಕಾರಣ, ಹೊಸದಾಗಿ 3 ವೋಲ್ಟಿಗೂ ಮೇಲಿರುವ ಎರಡು ಸೆಲ್‌ಗಳ ಸತ್ತ್ವವನ್ನು ಬಹುಪಾಲು ಕೊನೆಯವರೆಗೂ ಹೀರಬಲ್ಲವು.

ಈಗ ಆಳಿನ ಕೂಲಿ ಲೆಕ್ಕ ಹಾಕಿದಂತೆ ಹಾಕೋಣ. ಒಳ್ಳೆಯ ಆಲ್ಕಲೈನ್ ಪೆನ್ ಸೆಲ್ಲಿನ ದಾಸ್ತಾನು ಸುಮಾರು 2,000 ಮಿಲಿ ಆಂಪಿಯರ್ ಗಂಟೆ. ಎರಡನ್ನು ಸಾಲಾಗಿ ಜೋಡಿಸಿದರೆ ವೋಲ್ಟು ಇಮ್ಮಡಿಯಾಗುತ್ತದೆ, ದಾಸ್ತಾನು ಅಷ್ಟೇ ಇರುತ್ತದೆ. ನಿದ್ದೆಯ ಖರ್ಚು, ಸುತ್ತಲಿನ ಬಿಡಿಭಾಗಗಳ ಸೋರಿಕೆಯೂ ಸೇರಿ, 5 ಮೈಕ್ರೋ ಎಂದಿಟ್ಟುಕೊಳ್ಳಿ. ಅರ್ಧ ಗಂಟೆಗೊಮ್ಮೆ ಒಂದು ಸೆಕೆಂಡು ಎದ್ದು, ತೇವದ ಕಡ್ಡಿಗೂ ಕರೆಂಟು ಕೊಟ್ಟು ಓದುವಾಗ 5 ಮಿಲಿ. ಅದನ್ನು 1,800 ಸೆಕೆಂಡಿಗೆ ಹರಡಿದರೆ 2.8 ಮೈಕ್ರೋ. ಓದಿದ್ದನ್ನು ಮನೆಗೆ ರೇಡಿಯೋ ಮೂಲಕ ಕಳಿಸಲು 90 ಮಿಲಿ, 0.4 ಸೆಕೆಂಡು; ಹರಡಿದರೆ 20 ಮೈಕ್ರೋ. ಎಲ್ಲ ಕೂಡಿ 28 ಮೈಕ್ರೋ ಆಂಪಿಯರ್. 2,000 ಮಿಲಿಯನ್ನು ಇದರಿಂದ ಭಾಗಿಸಿದರೆ 71 ಸಾವಿರ ಗಂಟೆ, ಎಂಟು ವರ್ಷ. ಇದು ಕಾಗದದ ಮೇಲಿನ ಮಾತು. ಸೆಲ್ ತಾನಾಗಿಯೂ ಸವೆಯುತ್ತದೆ, ಬೇಸಿಗೆಯ ಬಿಸಿಗೆ ಇನ್ನೂ ಬೇಗ. ಹಳೆಯದಾದರೆ ನೀರು ಬಿಟ್ಟು ಡಬ್ಬಿಯನ್ನೇ ಕೆಡಿಸುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ಸೆಲ್ ಬದಲಿಸುವುದು ಉತ್ತಮ. ಆದರೂ ಎರಡು ವರ್ಷ ಎಂಬುದೇನು ಕಡಿಮೆಯೇ?

ಇದೇ ಲೆಕ್ಕವನ್ನು ಮೊಬೈಲ್ ಸಿಮ್ಮಿನ ಮೋಡೆಮ್‌ಗೆ ಹಾಕಿ. ಟವರನ್ನು ಹುಡುಕಿ ಸಂದೇಶ ಕಳಿಸಲು ಒಂದು ನಿಮಿಷ, ಸರಾಸರಿ 200 ಮಿಲಿ ಎಂದರೆ, ದಿನಕ್ಕೆ ನಾಲ್ಕೇ ಸಲ ಕಳಿಸಿದರೂ 13 ಮಿಲಿ ಆಂಪಿಯರ್ ಗಂಟೆಗೂ ಮೇಲೆ ಖರ್ಚು. ಐದು ತಿಂಗಳಿಗೆ ಸೆಲ್ ಖಾಲಿ. ಅಲ್ಲದೆ ಹಳೆಯ 2ಜಿ ಮೋಡೆಮ್ ಕ್ಷಣಮಾತ್ರ 2 ಆಂಪಿಯರಿನವರೆಗೆ ಎಳೆಯುವುದುಂಟು. ಪೆನ್ ಸೆಲ್ ಅದನ್ನು ತಾಳಲಾರದು. ಹದಿನೈದು ನಿಮಿಷದ ಲೆಕ್ಕವನ್ನು ದೂರದ ಬೆಂಗಳೂರಿಗೆ ಮುಟ್ಟಿಸಬೇಕಾದ ಮಳೆಮಾಪಕಕ್ಕೆ ಸೋಲಾರ್ ಹಲಗೆ, ಮರುಚಾರ್ಜಿನ ಬ್ಯಾಟರಿ ಬೇಕಾದದ್ದು ಇದರಿಂದ. ಲೆಕ್ಕ ಮಾಡುವುದು ಅಗ್ಗ, ಮಾತಾಡುವುದು ದುಬಾರಿ. ದಿನದ 48 ಓದುಗಳನ್ನು ಚಿಪ್‌ನ ನೆನಪಿನಲ್ಲೇ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಒಟ್ಟಿಗೆ ಕಳಿಸಿದರೆ ರೇಡಿಯೋ ಖರ್ಚು 20ರಿಂದ ಸುಮಾರು 2 ಮೈಕ್ರೋಗೆ ಇಳಿಯುತ್ತದೆ.

ಕದ್ದು ಕುಡಿಯುವ ಬಿಡಿಭಾಗಗಳು

ಅಂಗಡಿಯಲ್ಲಿ ಸಿಗುವ ಆರ್ಡುಯಿನೋ ಊನೋ ಹಲಗೆ ಕಲಿಯುವುದಕ್ಕೆ ಬಹಳ ಒಳ್ಳೆಯದು. ತೋಟದಲ್ಲಿ ಇಡುವುದಕ್ಕಲ್ಲ. ಅದರ ಮೇಲೂ 328 ಪಿ ಚಿಪ್ಪೇ ಇದೆ. ಆದರೆ ಹಲಗೆ ಒಟ್ಟಾಗಿ 45–50 ಮಿಲಿ ಆಂಪಿಯರ್ ತೆಗೆದುಕೊಳ್ಳುತ್ತದೆ. ಎರಡು ಸಾವಿರದ ದಾಸ್ತಾನು 40 ಗಂಟೆಗೆ ಮುಗಿಯಿತು. ಚಿಪ್ಪನ್ನು ಮಲಗಿಸಿದರೂ ಯು.ಎಸ್.ಬಿ. ಚಿಪ್, ವೋಲ್ಟೇಜ್ ನಿಯಂತ್ರಕ, ಹಸಿರು ದೀಪ ಇವು ಮಲಗುವುದಿಲ್ಲ. ಆದುದರಿಂದ ಹಲಗೆಯಲ್ಲಿ ಕಲಿತು, ತೋಟಕ್ಕೆ ಬರಿಯ ಚಿಪ್ಪನ್ನೇ ಸೆಲ್ಲಿಗೆ ಜೋಡಿಸಿ ಇಡಬೇಕು.

ಬರಿಯ ಚಿಪ್ ಇಟ್ಟ ಮೇಲೂ ಸೋರಿಕೆಗಳು ಉಳಿಯುತ್ತವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ವಿದ್ಯೆ ಇರುವುದು ಇವನ್ನು ಹಿಡಿಯುವುದರಲ್ಲೇ. ಕರೆಂಟು ಇದೆಯೆಂದು ತೋರಿಸುವ ಒಂದು ಸಣ್ಣ ದೀಪ 2 ಮಿಲಿ ಕುಡಿದರೆ ಅದೊಂದೇ 41 ದಿನಕ್ಕೆ ಸೆಲ್ ಮುಗಿಸುತ್ತದೆ. ಸೆಲ್ಲಿನ ವೋಲ್ಟು ಅಳೆಯಲೆಂದು 10 ಸಾವಿರ ಓಮ್‌ನ ಎರಡು ರೆಸಿಸ್ಟರುಗಳನ್ನು ಸೆಲ್ಲಿಗೆ ಅಡ್ಡಲಾಗಿ ಹಾಕುವುದು ವಾಡಿಕೆ. ಅದರಲ್ಲಿ ಹಗಲೂ ರಾತ್ರಿ 150 ಮೈಕ್ರೋ ಹರಿಯುತ್ತದೆ, ಅಂದರೆ ನಮ್ಮ ಇಡೀ ಡಬ್ಬಿಯ ಐದರಷ್ಟು! ಓದುವ ಹೊತ್ತಿಗಷ್ಟೇ ಅದಕ್ಕೆ ಕರೆಂಟು ಕೊಡುವಂತೆ ಒಂದು ಟ್ರಾನ್ಸಿಸ್ಟರ್ ಹಾಕಬೇಕು. ಚಿಪ್‌ನ ಬಳಸದ ಕಾಲುಗಳನ್ನು ಎತ್ತಲೂ ಸೇರಿಸದೆ ಬಿಟ್ಟರೆ ಅವು ಗಾಳಿಯ ಸದ್ದಿಗೆಲ್ಲ ಅತ್ತಿತ್ತ ತೂಗಾಡಿ ಕರೆಂಟು ತಿನ್ನುತ್ತವೆ. ಅವನ್ನು ಪ್ರೋಗ್ರಾಮಿನಲ್ಲೇ ಒಂದು ಕಡೆಗೆ ಕಟ್ಟಿಹಾಕಬೇಕು. ಇನ್ನು ತೇವ. ಮಳೆಗಾಲದಲ್ಲಿ ಹಲಗೆಯ ಮೇಲೆ ಇಬ್ಬನಿ ಕೂತು, ಅದರ ಮೇಲೆ ಧೂಳು ಕೂತರೆ, ತಂತಿಯಿಲ್ಲದ ಕಡೆಯೂ ಕರೆಂಟು ದಾರಿ ಮಾಡಿಕೊಳ್ಳುತ್ತದೆ. ಬೆಸುಗೆ ಮುಗಿದ ಮೇಲೆ ಹಲಗೆಯನ್ನು ತೊಳೆದು ಒಣಗಿಸಿ ವಾರ್ನಿಷ್ ಹಚ್ಚುವುದು, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದು, ತಂತಿಯ ತೂತನ್ನು ಕೆಳಮುಖವಾಗಿ ಮಾಡಿ ಮೇಣದಿಂದ ಮುಚ್ಚುವುದು, ಇಷ್ಟು ಅಗತ್ಯ. ತೂತು ಬಿಟ್ಟರೆ ಇರುವೆ ಸಂಸಾರ ಹೂಡುತ್ತದೆ.

ಡಬ್ಬಿ ಮುಚ್ಚುವ ಮುನ್ನ ಮಲ್ಟಿಮೀಟರನ್ನು ಸೆಲ್ಲಿನ ದಾರಿಯಲ್ಲಿ ಸೇರಿಸಿ, ಮೈಕ್ರೋ ಆಂಪಿಯರ್ ಅಳತೆಯಲ್ಲಿ ನಿದ್ದೆಯ ಕರೆಂಟನ್ನು ನೋಡತಕ್ಕದ್ದು. ಹತ್ತರೊಳಗಿದ್ದರೆ ಸರಿ. ನೂರು ದಾಟಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಒಂದೊಂದೇ ಭಾಗವನ್ನು ಬಿಚ್ಚಿ ಹುಡುಕಬೇಕು. ಕೊಂಡು ತರುವವರೂ ಮಾರುವವನನ್ನು ಈ ಒಂದು ಪ್ರಶ್ನೆ ಕೇಳಬೇಕು: ಮಲಗಿದ್ದಾಗ ಎಷ್ಟು ಮೈಕ್ರೋ?

ತೇವದ ಕಡ್ಡಿ

ಅಗ್ಗದ ಕಡ್ಡಿ ಎಂದರೆ ಎರಡು ಲೋಹದ ಮೊಳೆ. ಮಣ್ಣು ಹಸಿಯಾದಷ್ಟೂ ನಡುವೆ ಕರೆಂಟು ಹೆಚ್ಚು ಹರಿಯುತ್ತದೆ. ಸದಾ ಒಂದೇ ದಿಕ್ಕಿಗೆ ಹರಿಸಿದರೆ ಕೆಲವು ವಾರಗಳಲ್ಲೇ ಒಂದು ಮೊಳೆ ಕರಗಿ ಹೋಗುತ್ತದೆ. ಓದುವ ಗಳಿಗೆಗೆ ಮಾತ್ರ ಕರೆಂಟು ಕೊಟ್ಟು, ಒಮ್ಮೆ ಈ ದಿಕ್ಕಿಗೆ ಒಮ್ಮೆ ಆ ದಿಕ್ಕಿಗೆ ಹರಿಸಿದರೆ ಬಾಳಿಕೆ ಹೆಚ್ಚು. ಆದರೂ ಗೊಬ್ಬರ ಹಾಕಿದ ಮರುದಿನ, ಉಪ್ಪು ಹೆಚ್ಚಿ, ಒಣ ಮಣ್ಣನ್ನೂ ಹಸಿ ಎಂದು ತೋರಿಸುವ ದೋಷ ಅದಕ್ಕಿದೆ. ಜಿಪ್ಸಂ ಇಟ್ಟಿಗೆಯೊಳಗೆ ತಂತಿ ಹುದುಗಿಸುವ ಕ್ರಮ 1940ರಷ್ಟು ಹಿಂದೆಯೇ ಅಮೆರಿಕದಲ್ಲಿ ಬಂದದ್ದು. ಜಿಪ್ಸಂ ಈ ಉಪ್ಪಿನ ಏರಿಳಿತವನ್ನು ತಕ್ಕಮಟ್ಟಿಗೆ ನುಂಗಿಕೊಳ್ಳುತ್ತದೆ, ಆದರೆ ಹಸಿ ಮಣ್ಣಿನಲ್ಲಿ ತಾನೇ ಕರಗುತ್ತಾ ಹೋಗುತ್ತದೆ. ಲೋಹ ಮಣ್ಣಿಗೆ ತಾಗದಂತೆ ಲೇಪಿಸಿದ ಕೆಪಾಸಿಟೆನ್ಸ್ ಕಡ್ಡಿ ಈಗ ಸುಲಭವಾಗಿ ಸಿಗುತ್ತದೆ. ಅದರ ಕತ್ತರಿಸಿದ ಅಂಚಿಗೆ ಲೇಪ ಇರುವುದಿಲ್ಲವಾದ್ದರಿಂದ ಅಂಚಿಗೂ ವಾರ್ನಿಷ್ ಹಚ್ಚಬೇಕು, ಮೇಲಿನ ಬಿಡಿಭಾಗಗಳಿಗೆ ನೀರು ತಾಗದಂತೆ ಮುಚ್ಚಬೇಕು. ಎರೆ ಮಣ್ಣಿನಲ್ಲಿ ಒಣಗಿದಾಗ ಬಿರುಕು ಬಿಟ್ಟು ಕಡ್ಡಿಗೂ ಮಣ್ಣಿಗೂ ನಡುವೆ ಗಾಳಿ ಸೇರಿದರೆ ಯಾವ ಕಡ್ಡಿಯೂ ಸುಳ್ಳು ಹೇಳುತ್ತದೆ. ಹೂಳುವಾಗ ಅದೇ ಮಣ್ಣನ್ನು ಕೆಸರು ಮಾಡಿ ಸುತ್ತ ಮೆತ್ತಿ ಕೂರಿಸಬೇಕು.

ಕಡ್ಡಿ ಕೊಡುವುದು ಬರಿಯ ಅಂಕಿ. ಅದನ್ನು ನಮ್ಮ ಮಣ್ಣಿಗೆ ಹೊಂದಿಸಿಕೊಳ್ಳುವುದು ನಮ್ಮ ಕೆಲಸ. ತೋಟಕ್ಕೆ ಚೆನ್ನಾಗಿ ನೀರು ಕೊಟ್ಟು, ಒಂದು ದಿನ ಬಸಿಯಲು ಬಿಟ್ಟು, ಬಂದ ಅಂಕಿಯನ್ನು ಬರೆದಿಡಿ. ಅದು ಮಣ್ಣು ತುಂಬಿದ ಗುರುತು. ಅಲ್ಲಿಂದ ದಿನದಿನವೂ ಅಂಕಿ ಸರಿಯುವುದನ್ನು ನೋಡುತ್ತಾ, ಮರ ಬಾಡುವ ಮೊದಲೇ, ಕೈಯಲ್ಲಿ ಹಿಡಿದರೆ ಉಂಡೆ ಕಟ್ಟದ ಹದಕ್ಕೆ ಮಣ್ಣು ಬಂದಾಗಿನ ಅಂಕಿಯನ್ನೂ ಬರೆಯಿರಿ. ಈ ಎರಡರ ನಡುವೆಯೇ ನಿಮ್ಮ ನೀರಾವರಿ. ಹೆಚ್ಚು ನಿಖರವಾಗಿ ಬೇಕೆಂದರೆ ಆ ಎರಡು ದಿನಗಳ ಮಣ್ಣನ್ನು ತೂಗಿ, 105 ಡಿಗ್ರಿ ಶಾಖದಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. ಕಳೆದ ತೂಕವೇ ನೀರು.

ಒಂದೇ ಕಡ್ಡಿ ಸಾಲದು, ಎರಡು ಬೇಕು. ಅಡಿಕೆಯ ಹೀರುಬೇರಿನ ಬಹುಭಾಗ ಬುಡದಿಂದ ಒಂದು ಮೀಟರಿನೊಳಗೇ ಇರುತ್ತದೆಯಾದ್ದರಿಂದ, ಬುಡಕ್ಕೆ ಎರಡಡಿ ದೂರದಲ್ಲಿ, ಹನಿ ಬೀಳುವ ಜಾಗಕ್ಕೆ ನೇರ ಕೆಳಗಲ್ಲದೆ ಸ್ವಲ್ಪ ಪಕ್ಕಕ್ಕೆ, ಒಂದನ್ನು ಒಂದಡಿ ಆಳಕ್ಕೂ ಇನ್ನೊಂದನ್ನು ಎರಡಡಿ ಆಳಕ್ಕೂ ಇಡಿ. ಮೇಲಿನದು ಯಾವಾಗ ನೀರು ಕೊಡಬೇಕೆಂದು ಹೇಳುತ್ತದೆ. ಕೆಳಗಿನದು ಹೇಳುವುದು ಇನ್ನೂ ಬೆಲೆಯುಳ್ಳ ಸಂಗತಿ. ಪ್ರತಿ ಸಲ ಮೋಟಾರು ಓಡಿದ ಮೇಲೆ ಎರಡಡಿಯ ಅಂಕಿ ಹಸಿಯ ಕಡೆಗೇ ಸರಿಯುತ್ತಿದ್ದರೆ, ನೀರು ಬೇರನ್ನು ದಾಟಿ ಕೆಳಗೆ ಹೋಗುತ್ತಿದೆ. ನೀರಿನೊಡನೆ ಹಾಕಿದ ಗೊಬ್ಬರವೂ ಹೋಗುತ್ತಿದೆ. ಮೋಟಾರಿನ ಅವಧಿ ಕಡಿಮೆ ಮಾಡಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮನೆಗೆ ಸುದ್ದಿ ತಲುಪಿಸುವುದು

ತೋಟ ಮನೆಗೆ ಹತ್ತಿರವಿದ್ದರೆ ರೇಡಿಯೋ ಏಕೆ, ವಾರಕ್ಕೊಮ್ಮೆ ಹೋಗಿ ಓದಿಕೊಂಡು ಬಂದರಾಯಿತು. ದೂರವಿದ್ದರೆ ಲೋರಾ ಎಂಬ ಸಣ್ಣ ರೇಡಿಯೋ ಅನುಕೂಲ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಜ್ ಪಟ್ಟಿಯನ್ನು, ನಿಗದಿತ ಶಕ್ತಿಯ ಮಿತಿಯೊಳಗೆ, ಲೈಸೆನ್ಸ್ ಇಲ್ಲದೆ ಬಳಸಲು 2005ರಿಂದಲೇ ಅವಕಾಶವಿದೆ. ಅಮೆರಿಕಕ್ಕೆಂದು ತಯಾರಾದ 915ರ ಮಾಡ್ಯೂಲನ್ನು ಇಲ್ಲಿ ಅದೇ ಪಟ್ಟಿಯಲ್ಲಿ ಬಳಸಕೂಡದು. ಕೊಳ್ಳುವಾಗ ಕೇಳಿ ಕೊಳ್ಳಿ. ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುವ ಅದು ಎಲೆ ದಟ್ಟವಾದ ತೋಟದೊಳಗೆ, ಅದರಲ್ಲೂ ಮಳೆಯಲ್ಲಿ ನೆನೆದ ಎಲೆಗಳ ನಡುವೆ, ಬಹಳ ಕುಗ್ಗುತ್ತದೆ. ಆಂಟೆನಾ ಎತ್ತರಕ್ಕಿರಲಿ. ಕಡ್ಡಿಯ ತಂತಿ ಮಾತ್ರ ಗಿಡ್ಡವಾಗಿರಲಿ: ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಉದ್ದ ತಂತಿ ಸಿಡಿಲಿನ ಸೆಳೆತಕ್ಕೆ ಸಿಕ್ಕಿ ಚಿಪ್ ಸುಡುತ್ತದೆ. ಐವತ್ತು ಮೀಟರ್ ತಂತಿ ಎಳೆಯುವ ಬದಲು ಇನ್ನೊಂದು ಡಬ್ಬಿ ಇಡುವುದು ಮೇಲು.

ಇದಕ್ಕೇ ಮೋಟಾರು ಓಡಿಸುವ ಕೆಲಸವನ್ನೂ ಕೊಟ್ಟರೆ ಏನು ಎಂದು ಕೇಳುವವರಿದ್ದಾರೆ. ಕೊಡಬಹುದು. ಒಮ್ಮೆ ತಟ್ಟಿದರೆ ತೆರೆದೇ ಇರುವ, ಇನ್ನೊಮ್ಮೆ ತಟ್ಟಿದರೆ ಮುಚ್ಚುವ ಬಗೆಯ ವಾಲ್ವುಗಳು ಸಣ್ಣ ಬ್ಯಾಟರಿಯಲ್ಲೇ ನಡೆಯುತ್ತವೆ. ಮೂರು ಫೇಸ್ ಸ್ಟಾರ್ಟರಿಗೆ ಕೈಹಾಕುವುದು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ ಕೆಲಸ. ಮೊದಲ ವರ್ಷ ಡಬ್ಬಿ ಹೇಳಲಿ, ನೀವು ಕೇಳಿ, ಸ್ವಿಚ್ ನೀವೇ ಒತ್ತಿ. ಒಂದು ಬೇಸಿಗೆ, ಒಂದು ಮಳೆಗಾಲ ಅದರ ಮಾತು ಮಣ್ಣಿಗೆ ಒಪ್ಪುತ್ತದೆಯೇ ಎಂದು ನೋಡದೆ ಮೋಟಾರನ್ನು ಅದರ ಕೈಗೆ ಕೊಡಬಾರದು.

ಕಾಫಿಯವರಿಗೆ

ಬಿಳಿಗಿರಿರಂಗನ ಬೆಟ್ಟದ ಕಾಫಿ ಬೆಳೆಗಾರರಿಗೆ ತೇವಕ್ಕಿಂತ ಹೂ ಮಳೆಯ ಲೆಕ್ಕ ಮುಖ್ಯ. ಒಂದು ಮಗ್ಗುಲಿಗೆ ಒಂದಿಂಚು ಬಿದ್ದ ದಿನ ಇನ್ನೊಂದು ಮಗ್ಗುಲಿಗೆ ಕಾಲಿಂಚೂ ಬೀಳದೇ ಇರಬಹುದು. ಪಂಚಾಯಿತಿಯ ಮಾಪಕ ಅದನ್ನು ತಿಳಿಸಲಾರದು. ಇದೇ ಚಿಪ್‌ಗೆ, ತಕ್ಕಡಿಯಂತೆ ವಾಲುವ ಜೋಡಿ ಬಟ್ಟಲಿನ ಮಳೆಮಾಪಕವನ್ನು ಜೋಡಿಸಬಹುದು. ಬಟ್ಟಲು ತುಂಬಿ ವಾಲಿದಾಗ ಅದರ ಅಯಸ್ಕಾಂತ ಒಂದು ರೀಡ್ ಸ್ವಿಚ್ಚನ್ನು ಮುಚ್ಚುತ್ತದೆ, ಚಿಪ್ ಎದ್ದು ಒಂದು ಎಂದು ಎಣಿಸಿ ಮತ್ತೆ ಮಲಗುತ್ತದೆ. ಮಳೆಯಿಲ್ಲದ ತಿಂಗಳಲ್ಲಿ ಅದಕ್ಕೆ ಏಳುವ ಕೆಲಸವೇ ಇಲ್ಲ. ಒಂದು ಎಚ್ಚರಿಕೆ: ಬಟ್ಟಲು ಅರ್ಧಕ್ಕೆ ನಿಂತು ಸ್ವಿಚ್ ಮುಚ್ಚಿಯೇ ಉಳಿದರೆ, 10 ಸಾವಿರ ಓಮ್‌ನ ರೆಸಿಸ್ಟರಿನಲ್ಲಿ 300 ಮೈಕ್ರೋ ಹರಿದು ಒಂಬತ್ತು ತಿಂಗಳಿಗೆ ಸೆಲ್ ಮುಗಿಯುತ್ತದೆ. ಅಲ್ಲಿ 10 ಲಕ್ಷ ಓಮ್‌ನದನ್ನು ಹಾಕಿದರೆ 3 ಮೈಕ್ರೋ ಮಾತ್ರ.

ಹಳಬರು ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆಯುವವರು. ಒಂದು ವಾಲಿಗೆ 0.254 ಮಿ.ಮೀ. ಇರುವ ಮಾಪಕ ಕೊಂಡರೆ ಒಂದು ವಾಲು ಸರಿಯಾಗಿ ಒಂದು ಸೆಂಟು. ಹಳೆಯ ಪುಸ್ತಕಕ್ಕೆ ಹೊಸ ಅಂಕಿ ಹಾಗೆಯೇ ಸೇರುತ್ತದೆ. ಪರೀಕ್ಷೆಯೂ ಸುಲಭ. ಬಾಯಿ 20 ಸೆಂಟಿಮೀಟರ್ ಅಗಲದ್ದಾದರೆ ಒಂದಿಂಚು ಮಳೆ ಎಂದರೆ 798 ಮಿಲಿಲೀಟರ್ ನೀರು. ಮೊದಲು ಬಾಯಿಯಲ್ಲಿನ ಎಲೆ, ಕಣಜದ ಗೂಡು ತೆಗೆದು, ಅಷ್ಟು ನೀರನ್ನು ತಳಕ್ಕೆ ಸೂಜಿ ಚುಚ್ಚಿದ ಬಾಟಲಿಯಿಂದ ಒಂದು ಗಂಟೆಯ ಹೊತ್ತು ಹನಿಸಿ. ಎಣಿಕೆ ನೂರು ಬರಬೇಕು. ಹೆಚ್ಚು ಬಂದರೆ ಬಟ್ಟಲು ತುಂಬುವ ಮೊದಲೇ ವಾಲುತ್ತಿದೆ ಎಂದು ತಿಳಿದು ಅಡಿಯ ತಿರುಪನ್ನು ಸ್ವಲ್ಪ ಇಳಿಸಿ, ಕಡಿಮೆ ಬಂದರೆ ಏರಿಸಿ, ಮತ್ತೊಮ್ಮೆ ಹನಿಸಿ ನೋಡಿ.